ಅಕ್ಕ ಮುಟ್ಟಿದ ಬಳ್ಳಿ

ಕರಬೂಜದ ಹಣ್ಣು ಬರುವ ಕಾಲಕ್ಕೆ ನಮ್ಮ ಮನೆಯ ಒಳಕೋಣೆಯಲ್ಲಿ ಯಾರೂ ಮಲಗುತ್ತಿರಲಿಲ್ಲ. ಅದು ಹಣ್ಣಿನ ಕೋಣೆಯಾಗುತ್ತಿತ್ತು. ಮಿಕ್ಕ ತಿಂಗಳುಗಳಲ್ಲಿ ಅಲ್ಲಿ ರಾಗಿ ತುಂಬಿದ ಗುಡಾಣಗಳು, ಕಂಬಳಿಯ ಗಂಟು, ಅಜ್ಜಿಯ ಚಾಪೆ ಇರುತ್ತಿದ್ದವು. ಬಿಸಿಲು ಬಲಿತರೆ ಅಜ್ಜಿ ತಾನೇ ಚಾಪೆ ಸುತ್ತಿಕೊಂಡು ಪಡಸಾಲೆಗೆ ಬರುತ್ತಿದ್ದಳು, ಅವ್ವ ನೆಲ ಸಾರಿಸಿ ಹುಲ್ಲು ಹಾಸುತ್ತಿದ್ದಳು. ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ, ಮೇಲೊಂದು ಬೆಳಕಿಂಡಿ. ಹೊರಗೆ ಅಂಗಳದಲ್ಲಿ ಕಾಲಿಡಲಾಗದಷ್ಟು ಕಾದಿದ್ದಾಗಲೂ ಆ ಕೋಣೆ ತಣ್ಣಗಿರುತ್ತಿತ್ತು. ಅಪ್ಪ ಹೊಳೆಯಿಂದ ಹಣ್ಣು ಹೊತ್ತು ತಂದು ಹೊಸ್ತಿಲ ಹತ್ತಿರ ಇಳಿಸಿದರೆ ಅಕ್ಕ ಕಾಟಮ್ಮ ಕೂತು ಒಂದೊಂದನ್ನೇ ಮೂಗಿಗೆ ಹಿಡಿಯುತ್ತಿದ್ದಳು. ತೊಟ್ಟು ಬಿಟ್ಟ ಜಾಗವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ, ಇದು ನಾಳೆಗೆ, ಇದು ಸಂತೆಗೆ, ಇದು ಮನೆಗೆ ಎಂದು ಬೇರೆ ಬೇರೆ ಸಾಲು ಮಾಡುತ್ತಿದ್ದಳು. ಮನೆಗೆ ಎಂದು ಇಟ್ಟ ಸಾಲಿನಲ್ಲಿ ಬಿರುಕು ಬಿಟ್ಟವು, ಇಲಿ ಕಚ್ಚಿದವು, ಬಲು ಸಣ್ಣವು ಇರುತ್ತಿದ್ದವು. ಆದರೂ ಅವಳು ಯಾವಾಗಲೂ ಒಂದೇ ಒಂದು ಒಳ್ಳೆಯ ಹಣ್ಣನ್ನು ಆ ಸಾಲಿಗೆ ಸೇರಿಸುತ್ತಿದ್ದಳು. ಅಪ್ಪ ನೋಡಿಯೂ ನೋಡದವನಂತೆ ಎದ್ದು ಹೋಗುತ್ತಿದ್ದ.

ನಮ್ಮ ಹಟ್ಟಿ ಚಳ್ಳಕೆರೆಯಿಂದ ಮೊಳಕಾಲ್ಮೂರಿನ ಕಡೆಗೆ ಹೋಗುವ ದಾರಿಯಿಂದ ಒಳಕ್ಕೆ, ಹೊಳೆಯ ದಂಡೆಯಲ್ಲಿತ್ತು. ಹೊಳೆ ಎಂದರೆ ನೀರು ಎಂದುಕೊಳ್ಳಬಾರದು. ಬೇಸಿಗೆಯಲ್ಲಿ ಅದು ಅಗಲವಾದ ಬಿಳಿ ಮರಳು ಅಷ್ಟೇ. ಆ ಮರಳಿನಲ್ಲಿ ಮೊಳಕಾಲುದ್ದ ಗುಣಿ ತೋಡಿ, ತಿಪ್ಪೆಯಲ್ಲಿ ಕೊಳೆತ ಹಳೆಯ ಕುರಿ ಗೊಬ್ಬರ ತುಂಬಿ, ಕರಬೂಜದ ಬೀಜ ಹಾಕುತ್ತಿದ್ದರು. ಪಕ್ಕದಲ್ಲೇ ಕೆದಕಿದರೆ ಒರತೆ ಸಿಗುತ್ತಿತ್ತು. ಬಳ್ಳಿ ಚಿಕ್ಕದಿರುವಾಗ ಬೆಳಿಗ್ಗೆ ಸಂಜೆ ಆ ಒರತೆಯಿಂದ ನೀರು ಮೊಗೆದು ಗುಣಿಗೆ ಹೊಯ್ಯುವುದು ನನ್ನ ಮತ್ತು ಅಕ್ಕನ ಕೆಲಸ. ಅಪ್ಪ ಕುರಿ ಕಾಯುವವನು. ಬೇಸಾಯ ಅವನ ಕೈಗೆ ಅಷ್ಟಾಗಿ ಹೊಂದುತ್ತಿರಲಿಲ್ಲ. ಹೊಲ ಎಂದರೆ ಬೇಸರಪಡುತ್ತಿದ್ದ ಅವನು ಈ ಮರಳಿನ ತೋಟಕ್ಕೆ ಮಾತ್ರ ನಗುನಗುತ್ತಾ ಹೋಗುತ್ತಿದ್ದ. ಹಣ್ಣನ್ನು ಕೀಳಲು ಯಾರಿಗೂ ಬಿಡುತ್ತಿರಲಿಲ್ಲ. ಮಾಗಿದ ಹಣ್ಣು ತಾನಾಗಿ ತೊಟ್ಟು ಬಿಡಬೇಕು, ನಾವು ಎತ್ತಿಕೊಳ್ಳಬೇಕು ಅಷ್ಟೇ. ಬೆಳಗಿನ ಹೊತ್ತು ಅಕ್ಕ ಮುಂದೆ, ನಾನು ಹಿಂದೆ ಸಾಲಿನ ನಡುವೆ ನಡೆಯುತ್ತಿದ್ದರೆ ರಾತ್ರಿ ಬಿಟ್ಟ ಹಣ್ಣುಗಳು ಮರಳ ಮೇಲೆ ಹಸಿರೂ ಹಳದಿಯೂ ಆಗಿ ಬಿದ್ದಿರುತ್ತಿದ್ದವು. ಆ ವಾಸನೆಯನ್ನು ನಾನು ಈಗಲೂ ಯಾವುದಾದರೂ ಅಂಗಡಿಯ ಮುಂದೆ ಹುಡುಕುತ್ತೇನೆ. ಸಿಗುವುದಿಲ್ಲ. ಈಗಿನ ಹಣ್ಣನ್ನು ಕಾಯಿ ಇರುವಾಗಲೇ ಕಿತ್ತು ಲಾರಿಗೆ ಹೇರುತ್ತಾರೆ.

ವಾರಕ್ಕೊಮ್ಮೆ ಚಳ್ಳಕೆರೆಯ ಸಂತೆ. ಬಸ್ಸಿನ ಮೇಲೆ ಪುಟ್ಟಿಗಳನ್ನು ಏರಿಸಿ ಅಪ್ಪ, ಅಕ್ಕ ಹೋಗುತ್ತಿದ್ದರು. ಅಪ್ಪ ಕುರಿ ಮಾರುವ ಕಡೆ ಹೋಗಿ ನಿಂತರೆ ಮುಗಿಯಿತು, ಸಂತೆ ಹರಿಯುವವರೆಗೆ ಈ ಕಡೆ ತಿರುಗಿ ನೋಡುತ್ತಿರಲಿಲ್ಲ. ಹಣ್ಣಿನ ವ್ಯಾಪಾರವೆಲ್ಲ ಅಕ್ಕನದೇ. ನಾನು ಅತ್ತು ಕರೆದು ಒಂದೆರಡು ಸಲ ಜೊತೆಗೆ ಹೋಗಿದ್ದೆ. ಎಣ್ಣೆ ಮಿಲ್ಲುಗಳಿಂದ ಬರುವ ಶೇಂಗಾ ಹಿಂಡಿಯ ವಾಸನೆ, ಬೇವಿನ ಮರದ ಕೆಳಗೆ ಗೋಣಿತಟ್ಟು ಹಾಸಿಕೊಂಡು ಕೂತ ಹಳ್ಳಿಯವರು, ನೀರು ಚಿಮುಕಿಸಿದ ಎಳೆ ಸೌತೆಕಾಯಿ, ನುಗ್ಗೆಕಾಯಿಯ ಕಟ್ಟು, ನಿಂಬೆಹಣ್ಣಿನ ಗುಡ್ಡೆ. ಎಲ್ಲರೂ ಕೂಗುತ್ತಿದ್ದರು. ಅಕ್ಕ ಮಾತ್ರ ಕೂಗುತ್ತಿರಲಿಲ್ಲ. ಒಂದು ಹಣ್ಣನ್ನು ಎರಡು ಹೋಳು ಮಾಡಿ ಬೀಜ ಕಾಣುವಂತೆ ಮುಂದಿಟ್ಟುಕೊಂಡು ಸುಮ್ಮನೆ ಕೂರುತ್ತಿದ್ದಳು. ಜನ ವಾಸನೆ ಹಿಡಿದು ಬರುತ್ತಿದ್ದರು. ಪಕ್ಕದಲ್ಲಿ ಗಡಿಯಾಚೆಯಿಂದ ಮಾವಿನಹಣ್ಣು ತರುತ್ತಿದ್ದ ನರಸಮ್ಮ ಕೂರುತ್ತಿದ್ದಳು. ಅರ್ಧ ತೆಲುಗು, ಅರ್ಧ ಕನ್ನಡ ಆಡುವ ದಪ್ಪ ಹೆಂಗಸು. ಕಾಟಮ್ಮನ ಬಾಯಿ ದೇವರು ಹಣ್ಣಿಗೆ ಕೊಟ್ಟುಬಿಟ್ಟಿದ್ದಾನೆ, ಅದಕ್ಕೇ ಅವಳು ಮಾತಾಡುವುದಿಲ್ಲ ಎಂದು ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದಳು. ಅಕ್ಕ ತಲೆ ತಗ್ಗಿಸಿಕೊಂಡು ನಗುತ್ತಿದ್ದಳು. ಮನೆಯಲ್ಲಿ ಅವಳು ಹಾಗೆ ನಗುವುದನ್ನು ನಾನು ನೋಡಿರಲಿಲ್ಲ.

ಸಂತೆ ಹರಿಯುವ ಹೊತ್ತಿಗೆ ಬೇರೆಯೇ ಒಂದು ವ್ಯಾಪಾರ ನಡೆಯುತ್ತಿತ್ತು. ಉಳಿದದ್ದನ್ನು ಯಾರೂ ವಾಪಸು ಹೊತ್ತುಕೊಂಡು ಹೋಗುತ್ತಿರಲಿಲ್ಲ. ಮಾರುವವರು ತಮ್ಮತಮ್ಮಲ್ಲೇ ಅದಲು ಬದಲು ಮಾಡಿಕೊಳ್ಳುತ್ತಿದ್ದರು. ಇಷ್ಟಕ್ಕೆ ಇಷ್ಟು ಎಂಬ ಲೆಕ್ಕ ಅಲ್ಲಿರಲಿಲ್ಲ. ನರಸಮ್ಮ ಮೆತ್ತಗಾದ ಮಾವಿನಹಣ್ಣನ್ನು ಅಕ್ಕನ ಪುಟ್ಟಿಗೆ ಸುರಿದು ಉಳಿದ ಕರಬೂಜ ಎತ್ತಿಕೊಳ್ಳುತ್ತಿದ್ದಳು. ನಿಂಬೆಹಣ್ಣಿನ ಸಾಬರು ಒಂದು ಬೊಗಸೆ ನಿಂಬೆ, ಬಾಡಿದ ಪುದೀನ ಹಾಕುತ್ತಿದ್ದರು. ಸೌತೆಕಾಯಿಯ ಮುದುಕ ಬಲಿತ ಸೌತೆ ಕೊಡುತ್ತಿದ್ದ. ಹೋಗುವಾಗ ಒಂದೇ ಬಗೆಯ ಹಣ್ಣಿದ್ದ ಪುಟ್ಟಿ ಬರುವಾಗ ಬೇಸಿಗೆಯನ್ನೇ ತುಂಬಿಕೊಂಡು ಬರುತ್ತಿತ್ತು. ದಾರಿಯಲ್ಲಿ ಅವರು ಬಸ್ಸಿಳಿದು ನಡೆದು ಬರುವುದನ್ನು ಕಾಯುತ್ತಾ ನಾನು ಹಟ್ಟಿಯ ಬೇಲಿಯ ಹತ್ತಿರ ನಿಂತಿರುತ್ತಿದ್ದೆ. ಅಂಗಳದಲ್ಲಿ ಪುಟ್ಟಿ ಇಳಿಸಿದ ಕೂಡಲೇ ಅಜ್ಜಿ ಮೊದಲು ಕೈ ಹಾಕುತ್ತಿದ್ದಳು. ಹಲ್ಲಿಲ್ಲದ ಅವಳಿಗೆ ರಸದ ಮಾವು. ಅವ್ವ ಬಲಿತ ಸೌತೆಯನ್ನು ಹೆಚ್ಚಿ ತೊಗರಿಬೇಳೆಗೆ ಹಾಕಿ, ನಿಂಬೆ ಹಿಂಡಿ ಸಾರು ಮಾಡುತ್ತಿದ್ದಳು. ಬಿಸಿ ಮುದ್ದೆ, ಆ ಸಾರು, ಆಮೇಲೆ ಕಂಚಿನ ಬಟ್ಟಲಲ್ಲಿ ಬೆಲ್ಲ ಹಾಕಿ ಕಿವುಚಿದ ಕರಬೂಜ. ಊಟದ ನಡುವೆ ಅಪ್ಪ ಸಂತೆಯ ಸುದ್ದಿ ಹೇಳಬೇಕಿತ್ತು. ಆದರೆ ಅವನಿಗೆ ಕುರಿಯ ಸುದ್ದಿ ಬಿಟ್ಟರೆ ಬೇರೇನೂ ಗೊತ್ತಿರುತ್ತಿರಲಿಲ್ಲ, ಎಲ್ಲರೂ ಅಕ್ಕನ ಕಡೆ ತಿರುಗುತ್ತಿದ್ದರು. ಆಗ ಅವಳು ಯಾರು ಏನು ಕೊಟ್ಟರು, ಏನೆಂದರು ಎಂದು ಒಂದೊಂದೇ ಹೇಳುತ್ತಿದ್ದಳು. ಅಜ್ಜಿಯೂ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಳು.

ನನಗೆ ಆ ಜಾಗ ಬೇಕಾಗಿತ್ತು. ಮರೆಮಾಚಿ ಪ್ರಯೋಜನವಿಲ್ಲ. ಅಕ್ಕನ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ, ಅವಳ ಲಂಗ ಹಿಡಿದೇ ಬೆಳೆದವಳು ನಾನು. ಆದರೆ ಎಲ್ಲರ ಮುಖವೂ ಅವಳ ಕಡೆ ತಿರುಗುವ ಆ ಹೊತ್ತಿನಲ್ಲಿ ನನ್ನ ಬಟ್ಟಲಿನ ಹಣ್ಣು ಸಪ್ಪೆಯಾಗುತ್ತಿತ್ತು. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಅವಳು ಅಷ್ಟೂ ಓದಿದವಳಲ್ಲ. ಓದು ಬಂದ ನಾನು ಮನೆಯಲ್ಲಿ ಒರತೆಯ ನೀರು ಹೊರುತ್ತಿರಬೇಕು, ಅವಳು ಸಂತೆಗೆ ಹೋಗಿ ಬರಬೇಕು ಎಂಬುದು ನನಗೆ ಅನ್ಯಾಯವಾಗಿ ಕಾಣುತ್ತಿತ್ತು.

ಆ ವರ್ಷ ಹಣ್ಣು ಬಿಡಲು ಶುರುವಾದ ಹೊಸತರಲ್ಲಿ ಒಂದು ಬೆಳಿಗ್ಗೆ ಅಕ್ಕ ನನ್ನನ್ನು ದಂಡೆಯ ಜಾಲಿ ಪೊದೆಯ ಹಿಂದೆ ಕರೆದುಕೊಂಡು ಹೋದಳು. ಅವಳ ಮುಖ ಬೆಳ್ಳಗಾಗಿತ್ತು. ಗಂಟಿನಿಂದ ಹಳೇ ಸೀರೆಯ ತುಂಡು ತಂದುಕೊಡು, ಅವ್ವನಿಗೆ ಗೊತ್ತಾಗಬಾರದು ಎಂದಳು. ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ನಮ್ಮ ಹಟ್ಟಿಯಲ್ಲಿ ಹೆಂಗಸರು ತಿಂಗಳಿಗೊಮ್ಮೆ ಹೊರಗಾದಾಗ ಬೇಲಿಯ ಆಚೆಗಿದ್ದ ಗುಡಿಸಲಿನಲ್ಲಿ ಇರಬೇಕಿತ್ತು. ಅವ್ವ ಹಾಗೆ ಹೋದ ದಿನಗಳಲ್ಲಿ ಅಕ್ಕನೇ ಮುದ್ದೆ ತಿರುವುತ್ತಿದ್ದಳು. ಆ ದಿನಗಳಲ್ಲಿ ಹೆಂಗಸರ ನೆರಳು ಕೂಡ ಬಳ್ಳಿಯ ಮೇಲೆ ಬೀಳಬಾರದು, ಬಿದ್ದರೆ ಬಳ್ಳಿ ಒಣಗುತ್ತದೆ ಎಂದು ಅಜ್ಜಿ ನಮಗೆ ಬುದ್ಧಿ ಬಂದಾಗಿನಿಂದ ಹೇಳುತ್ತಿದ್ದಳು. ಮೈನೆರೆದ ಹುಡುಗಿಯದಂತೂ ಇನ್ನೂ ದೊಡ್ಡ ಕಟ್ಟು. ಸೋದರಮಾವ ಬಂದು ಹಸಿರು ಸೊಪ್ಪಿನ ಗುಡಿಸಲು ಹಾಕಬೇಕು, ಅವಳು ವಾರಗಟ್ಟಲೆ ಅದರಲ್ಲಿ ಕೂರಬೇಕು. ಆಮೇಲೆ ಅವಳು ಸಂತೆಯಲ್ಲಿ ಕೂರುವ ಮಾತೇ ಇಲ್ಲ. ಮದುವೆಯಾಗಿ ಮಕ್ಕಳಾದ ಮೇಲೆ ಬೇಕಾದರೆ ಕೂರಬಹುದಿತ್ತು. ಇದೆಲ್ಲ ಅಕ್ಕನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಅವಳು ನನ್ನ ಎರಡೂ ಕೈ ಹಿಡಿದುಕೊಂಡು ಹೇಳಿದಳು:

“ಈ ಸಲದ ಹಣ್ಣು ಮುಗೀಲಿ ಗಿರಿಜಿ. ಮುಗಿದ ಮೇಲೆ ನಾನೇ ಅವ್ವಂಗೆ ಹೇಳ್ತೀನಿ. ಇದೊಂದು ಬ್ಯಾಸಿಗೆ ಸಂತೆಗೆ ಹೋಗಿ ಬರ್ತೀನಿ.”

ನಾನು ಹೂಂ ಎಂದೆ. ಬಟ್ಟೆ ತಂದುಕೊಟ್ಟೆ. ಆ ದಿನಗಳಲ್ಲೂ ಅವಳು ಎಂದಿನಂತೆ ಸಾಲಿನಲ್ಲಿ ನಡೆದಳು, ಹಣ್ಣು ಎತ್ತಿದಳು, ಸಂತೆಗೆ ಹೋದಳು. ಒಂದು ವ್ಯತ್ಯಾಸ ನನಗೆ ಮಾತ್ರ ಕಾಣುತ್ತಿತ್ತು: ಬಳ್ಳಿಯ ಹತ್ತಿರ ಬರುತ್ತಿದ್ದಂತೆ ಅವಳು ಲಂಗವನ್ನು ಮೊಣಕಾಲಿನವರೆಗೆ ಎತ್ತಿ ಹಿಡಿದು, ಎಲೆಗೆ ಸೋಕದಂತೆ ಕಾಲು ಇಡುತ್ತಿದ್ದಳು. ಬಳ್ಳಿಗೆ ಏನೂ ಆಗಲಿಲ್ಲ. ಆ ವಾರವೂ ಆಗಲಿಲ್ಲ, ಅದರ ಮುಂದಿನ ವಾರವೂ ಆಗಲಿಲ್ಲ. ಹಣ್ಣು ಮೊದಲಿಗಿಂತ ಹೆಚ್ಚೇ ಬಿಟ್ಟಿತು.

ಆಮೇಲೆ ಗೊಬ್ಬರದ ಕೆಲಸ ಬಂತು. ಮೊದಲ ಹಣ್ಣು ಇಳಿದ ಮೇಲೆ ಬಳ್ಳಿಗೆ ಇನ್ನೊಂದು ಸಲ ಗೊಬ್ಬರ ಕೊಟ್ಟರೆ ಕೊನೆಯ ಹಣ್ಣೂ ದಪ್ಪವಾಗುತ್ತದೆ. ಮೇಲಿನ ಸಾಲುಗಳನ್ನು ಅಪ್ಪ ತಾನೇ ಮಾಡಿದ, ಕೆಳಗಿನ ಸಾಲುಗಳನ್ನು ನನಗೆ ಹೇಳಿ ಕುರಿ ಹೊಡೆದುಕೊಂಡು ಹೋದ. ಮನೆಯ ಹಿಂದಿನ ಹಳೇ ತಿಪ್ಪೆಯಿಂದಲೇ ಹೊರಬೇಕು, ರೊಪ್ಪದ ಹಸಿ ಗೊಬ್ಬರ ಮುಟ್ಟಬೇಡ, ಅದು ಬೇರನ್ನು ಸುಡುತ್ತದೆ ಎಂದು ಹೋಗುವಾಗ ಹೇಳಿಯೇ ಹೋಗಿದ್ದ. ಹಳೇ ತಿಪ್ಪೆ ದೂರ, ಮರಳು ಕಾದಿತ್ತು, ಅಕ್ಕ ಆ ದಿನ ಹಟ್ಟಿಯ ಹೆಂಗಸರ ಜೊತೆ ಸಂತೆಗೆ ಹೋಗಿದ್ದಳು. ಕುರಿ ಕೂಡುವ ರೊಪ್ಪ ದಂಡೆಯ ಮೇಲೇ ಇತ್ತು. ಒಂದು ಪುಟ್ಟಿ ಮಾತ್ರ ಎಂದು ರೊಪ್ಪದಿಂದ ತುಂಬಿದೆ. ಆಮೇಲೆ ಇನ್ನೊಂದು. ಕೆಳಗಿನ ಸಾಲು ಪೂರ್ತಿ ಅದನ್ನೇ ಹಾಕಿ, ಹಿಕ್ಕೆ ಕಾಣದಂತೆ ಮರಳು ಮುಚ್ಚಿ, ನೀರು ಹೊಯ್ದು ಬಂದೆ. ಬೇಗ ಮುಗಿಸಿದೆ ಎಂದು ಅಪ್ಪ ಸಂಜೆ ನನ್ನ ತಲೆ ಸವರಿದ.

ಕೆಲವು ದಿನ ಕಳೆದ ಮೇಲೆ ಕೆಳಗಿನ ಸಾಲಿನ ಎಲೆಗಳು ಅಂಚಿನಿಂದ ಸುಟ್ಟಂತಾಗಿ ಮುದುಡಿಕೊಂಡವು. ಬಿಸಿಲಿಗೆ ಹೀಗೆ ಎಂದು ಅಪ್ಪ ನೀರು ಹೆಚ್ಚು ಹಾಕಿಸಿದ. ಬಳ್ಳಿ ಇನ್ನೂ ಜೋತುಬಿತ್ತು. ಕಾಯಿಗಳು ಮಾಗದೆ ಮೆತ್ತಗಾದವು. ನಾನು ಯಾರೂ ಇಲ್ಲದಾಗ ಒಂದು ಗುಣಿಯನ್ನು ಬೆರಳಿನಿಂದ ಕೆದಕಿದೆ. ಒಳಗೆ ಬಿಸಿಯಿತ್ತು. ಬಿಳಿಯಾಗಿರಬೇಕಾದ ಬೇರು ಕಂದುಬಣ್ಣಕ್ಕೆ ತಿರುಗಿ ಎಳೆದರೆ ನೂಲಿನಂತೆ ಕಿತ್ತು ಬಂತು. ನಾನು ಮತ್ತೆ ಮರಳು ಮುಚ್ಚಿದೆ. ಅಪ್ಪ ನಮ್ಮನ್ನು ಹೊಡೆಯುವವನಲ್ಲ. ಆದರೂ ಅವನು ತಲೆ ಸವರಿದ್ದು ನೆನಪಾಗಿ, ಮುಚ್ಚಿದ ಗುಣಿಯ ಮೇಲೆ ಇನ್ನೊಂದು ಬೊಗಸೆ ಮರಳು ಸುರಿದೆ.

ಆ ದಿನ ಅಪ್ಪ ಒಣಗಿದ ಬಳ್ಳಿಯೊಂದನ್ನು ತಂದು ಪಡಸಾಲೆಯಲ್ಲಿ ಹಾಕಿದ. ಅಜ್ಜಿ ಅದನ್ನು ಮುಟ್ಟಲಿಲ್ಲ. ಅವ್ವನ ಕಡೆ ನೋಡಿದಳು. ಅವ್ವ ತಾನು ಗುಡಿಸಲಿಗೆ ಹೋದ ದಿನಗಳಲ್ಲಿ ಹೊಳೆಯ ಕಡೆ ತಲೆ ಹಾಕಿಯೂ ಮಲಗಿಲ್ಲ ಎಂದು ಆಣೆ ಮಾಡಿದಳು. ಅಜ್ಜಿ ಬಿಡಲಿಲ್ಲ. ಯಾವಳೋ ಒಬ್ಬಳು ಮುಟ್ಟಾಗಿ ಬಳ್ಳಿ ತುಳಿದಿದ್ದಾಳೆ, ಇಲ್ಲದಿದ್ದರೆ ಗಿಡ ಹೀಗೆ ಸಾಯುವುದಿಲ್ಲ ಎಂದು ಹಟ ಹಿಡಿದಳು. ಅವ್ವ ಅಳತೊಡಗಿದಳು. ಅಪ್ಪ ಬಳ್ಳಿಯ ಬುಡವನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಬೇರು ಅವನ ಕೈಯಲ್ಲೇ ಇತ್ತು. ಇನ್ನೊಂದು ಗಳಿಗೆ ಕಳೆದರೆ ನನ್ನನ್ನು ಕೇಳುತ್ತಾನೆ ಎಂದು ನನಗೆ ಅನ್ನಿಸಿತು. ಅಕ್ಕ ನೀರಿಗೆ ಹೋಗಿದ್ದಳು. ನಾನು ಹೇಳಿದೆ:

“ಅಕ್ಕ ದೊಡ್ಡೋಳಾಗವ್ಳೆ. ಯಾರ್ಗೂ ಹೇಳ್ಬ್ಯಾಡ ಅಂದಿದ್ಲು.”

ಅಪ್ಪ ಬಳ್ಳಿಯನ್ನು ಕೆಳಗಿಟ್ಟ. ಮತ್ತೆ ಅದನ್ನು ನೋಡಲಿಲ್ಲ.

ಮುಂದಿನದ್ದೆಲ್ಲ ನಮ್ಮ ಹಟ್ಟಿಯಲ್ಲಿ ಹೇಗೆ ಆಗಬೇಕೋ ಹಾಗೇ ಆಯಿತು. ನೀರು ಹೊತ್ತು ಬಂದ ಅಕ್ಕನನ್ನು ಬೇಲಿಯ ಹತ್ತಿರವೇ ನಿಲ್ಲಿಸಿದರು. ಅವಳು ತಂದ ನೀರನ್ನು ಅಜ್ಜಿ ಅವಳ ಕೈಯಿಂದಲೇ ಚೆಲ್ಲಿಸಿದಳು. ಯಾರೂ ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು. ಹಸಿರು ಸೊಪ್ಪಿನ ಗುಡಿಸಲು ಎದ್ದಿತು, ಹೆಂಗಸರು ಹಾಡಿದರು, ಎಳ್ಳು ಬೆಲ್ಲ ಹಾಕಿ ಚಿಗಳಿ ಕುಟ್ಟಿದರು. ಆದರೆ ಬಂದ ಪ್ರತಿಯೊಬ್ಬಳೂ ಆರತಿ ಎತ್ತಿ ಹೋಗುವಾಗ ಒಮ್ಮೆ ಹೊಳೆಯ ಕಡೆ ನೋಡಿ ನಿಟ್ಟುಸಿರು ಬಿಡುತ್ತಿದ್ದಳು. ಅಕ್ಕನಿಗೆ ಊಟ ಕೊಂಡೊಯ್ಯುವುದು ನನ್ನ ಕೆಲಸವಾಯಿತು. ತಟ್ಟೆಯನ್ನು ದೂರದಲ್ಲಿ ಇಟ್ಟು ಹಿಂದೆ ಸರಿಯಬೇಕು, ಅವಳು ಬಂದು ಎತ್ತಿಕೊಳ್ಳಬೇಕು. ನಾನು ಅವಳ ಮುಖ ನೋಡುತ್ತಿರಲಿಲ್ಲ. ಅವಳು ಒಂದು ದಿನವೂ ಯಾರು ಹೇಳಿದರು ಎಂದು ಕೇಳಲಿಲ್ಲ. ಕೇಳುತ್ತಿದ್ದದ್ದು ಒಂದೇ, ಬಳ್ಳಿ ಚಿಗುರಿತಾ ಎಂದು.

ಅದೇ ವಾರ ಅಪ್ಪ ಮೇಲಿನ ಸಾಲಿನ ಹಣ್ಣಿನ ಜೊತೆ ನನ್ನನ್ನು ಸಂತೆಗೆ ಕರೆದುಕೊಂಡು ಹೋದ. ನಾನು ಬೇಕೆಂದಿದ್ದ ಜಾಗ. ಗೋಣಿತಟ್ಟಿನ ಮೇಲೆ ಕೂತು, ಅಕ್ಕ ಮಾಡುತ್ತಿದ್ದ ಹಾಗೆ ಒಂದು ಹಣ್ಣು ಹೆಚ್ಚಿ ಮುಂದಿಟ್ಟುಕೊಂಡೆ. ನೊಣ ಮುತ್ತಿದವು. ಕೂಗಿ ನೋಡಿದೆ, ಗಂಟಲು ಒಣಗಿತು. ನರಸಮ್ಮ ನಿಮ್ಮ ಅಕ್ಕ ಎಲ್ಲಿ ಅಮ್ಮಾ, ಬಾಗುಂದಾ, ಚೆನ್ನಾಗಿದ್ದಾಳಾ ಎಂದು ಕೇಳಿದಳು. ದೊಡ್ಡವಳಾದಳು ಎಂದೆ. ಅವಳು ಸಂತೋಷಪಟ್ಟು, ಸಂತೆ ಹರಿಯುವ ಮೊದಲೇ ತನ್ನ ಪುಟ್ಟಿಯ ತಳದಿಂದ ಹುಲ್ಲಿನಲ್ಲಿ ಸುತ್ತಿದ್ದ ದೊಡ್ಡ ಮಾವಿನಹಣ್ಣೊಂದನ್ನು ತೆಗೆದು ನನ್ನ ಮಡಿಲಿಗೆ ಹಾಕಿದಳು. ಇದು ಕಾಟಮ್ಮನಿಗೆ, ಅವಳು ಮತ್ತೆ ಬರುವ ತನಕ ಈ ಜಾಗ ನಾನು ಯಾರಿಗೂ ಬಿಡುವುದಿಲ್ಲ ಎಂದು ಹೇಳು ಎಂದಳು. ನಾನು ಆ ಹಣ್ಣನ್ನು ಸಂಜೆ ತಟ್ಟೆಯ ಜೊತೆಗೆ ಗುಡಿಸಲಿನ ಮುಂದೆ ಇಟ್ಟೆ. ನರಸಮ್ಮ ಹೇಳಿದ ಮಾತು ಮಾತ್ರ ನನ್ನ ಬಾಯಿಂದ ಹೊರಡಲಿಲ್ಲ. ಅಕ್ಕ ಹಣ್ಣನ್ನು ಎತ್ತಿ, ಬಹಳ ಹೊತ್ತು ಮೂಗಿಗೆ ಹಿಡಿದುಕೊಂಡಿದ್ದು, ಮತ್ತೆ ನನ್ನ ಕಡೆ ಉರುಳಿಸಿದಳು.

“ನೀನು ತಿನ್ನು. ಬಿಸ್ಲಾಗೆ ಕೂತು ಬಂದಿದ್ದೀಯ. ನಂಗೆ ಯಾಕೆ, ಮನೆಗೆ ಆಗೋ ಹಣ್ಣೆಲ್ಲ ಕೆಡಿಸಿ ಕೂತೋಳ್ಗೆ.”

ಆಗ ಹೇಳಬಹುದಿತ್ತು. ನಾವಿಬ್ಬರೇ ಇದ್ದೆವು, ಸೊಪ್ಪಿನ ಗೋಡೆಯಾಚೆ ಯಾರೂ ಇರಲಿಲ್ಲ. ನಾನು ಅವಳ ಎದುರಿಗೇ ಕೂತು ಹಣ್ಣಿನ ತುದಿ ಕಚ್ಚಿ ರಸ ಹೀರಿದೆ. ಓಟೆಯನ್ನೂ ಬಿಡಲಿಲ್ಲ. ಅಷ್ಟು ಸಿಹಿಯಾದ ಹಣ್ಣನ್ನು ನಾನು ಮತ್ತೆಂದೂ ತಿಂದಿಲ್ಲ ಎನ್ನುವುದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೆ ಅದು ನಿಜ.

ಅಕ್ಕ ಮತ್ತೆ ಸಂತೆಗೆ ಹೋಗಲಿಲ್ಲ. ಗುಡಿಸಲಿನಿಂದ ಮನೆಗೆ ಬಂದ ಮೇಲೂ ಹೊಳೆಗೆ ಇಳಿಯಲಿಲ್ಲ. ಯಾರೂ ಬೇಡವೆನ್ನದ ದಿನಗಳಲ್ಲೂ ದಂಡೆಯ ಮೇಲೇ ನಿಂತು, ಆ ಸಾಲು ನೋಡು, ಅಲ್ಲೊಂದು ಹಣ್ಣು ಬಿದ್ದಿದೆ ನೋಡು ಎಂದು ನನಗೆ ಕೂಗಿ ಹೇಳುತ್ತಿದ್ದಳು. ಒಳಕೋಣೆಯಲ್ಲಿ ಹಣ್ಣು ಸಾಲು ಮಾಡುವ ಕೆಲಸವೂ ನನಗೇ ಬಂತು. ನನಗೆ ವಾಸನೆಯಲ್ಲಿ ಏನೂ ತಿಳಿಯುತ್ತಿರಲಿಲ್ಲ. ಸಂತೆಗೆ ಎಂದು ಇಟ್ಟದ್ದು ಕೋಣೆಯಲ್ಲೇ ಕೊಳೆಯುತ್ತಿತ್ತು. ಸಂತೆಯಿಂದ ಪುಟ್ಟಿ ತುಂಬಿಕೊಂಡು ಬಂದರೂ ಊಟಕ್ಕೆ ಕೂತಾಗ ಎಲ್ಲರೂ ತಟ್ಟೆ ನೋಡಿಕೊಂಡು ಉಣ್ಣುತ್ತಿದ್ದರು. ನನ್ನ ಸಂತೆಯ ಸುದ್ದಿ ಕೇಳುವವಳು ಅಕ್ಕನೊಬ್ಬಳೇ. ಮುಂದಿನ ಬೇಸಿಗೆಗೆ ಅವಳನ್ನು ಗೌರಸಮುದ್ರದ ಕಡೆಗೆ ಮದುವೆ ಮಾಡಿಕೊಟ್ಟರು. ಅಪ್ಪ ಒಂದೆರಡು ವರ್ಷ ಗುಣಿ ತೋಡಿ ಆಮೇಲೆ ಬಿಟ್ಟುಬಿಟ್ಟ. ನನ್ನನ್ನು ಮೊಳಕಾಲ್ಮೂರಿಗೆ ಕೊಟ್ಟರು. ಅಜ್ಜಿ ಹೋದಳು, ಆಮೇಲೆ ಅವ್ವ ಹೋದಳು. ಪ್ರತಿ ಸಾವಿಗೂ, ಪ್ರತಿ ಮದುವೆಗೂ ಅಕ್ಕನ ಪಕ್ಕದಲ್ಲಿ ಕೂತಾಗ ಇವತ್ತು ಹೇಳಿಬಿಡುತ್ತೇನೆ ಎಂದುಕೊಂಡು ಕೂರುತ್ತಿದ್ದೆ. ಆ ಹೊತ್ತಿಗೆ ಅವಳು ನನ್ನ ಮಗುವನ್ನು ಎತ್ತಿಕೊಂಡು ಎದ್ದುಬಿಡುತ್ತಿದ್ದಳು, ಇಲ್ಲವೇ ನಾನೇ ಏನಾದರೂ ನೆಪ ಹುಡುಕುತ್ತಿದ್ದೆ.

ಕೊನೆಗೆ ಹೇಳಿದ್ದು ಅವಳ ಮಗಳು ಶಾಂತ ದೊಡ್ಡವಳಾದಾಗ. ಅದೂ ಬೇಸಿಗೆಯೇ. ಚಳ್ಳಕೆರೆಯಲ್ಲಿ ಬಸ್ಸು ಬದಲಾಯಿಸುವಾಗ ಸಂತೆಗೆ ಹೋಗಿ ಕರಬೂಜ, ಮಾವು, ಎಳೆ ಸೌತೆ ಕೊಂಡು ಹೋದೆ. ನರಸಮ್ಮನ ಜಾಗದಲ್ಲಿ ಪ್ಲಾಸ್ಟಿಕ್ ಬಿಂದಿಗೆ ಮಾರುತ್ತಿದ್ದರು. ಅಕ್ಕನ ಮನೆಯ ಹಿಂದೆ ನೀರಿನ ತೊಟ್ಟಿಯ ಪಕ್ಕದಲ್ಲಿ ಹೀರೆ ಬಳ್ಳಿಯೊಂದು ಚಪ್ಪರಕ್ಕೆ ಹಬ್ಬಿತ್ತು, ಹಳದಿ ಹೂವು ತುಂಬಿತ್ತು. ಶಾಂತ ಶಾಲೆಯಲ್ಲಿ ಕೊಟ್ಟ ಬೀಜ ತಂದು ಹಾಕಿದ್ದಂತೆ. ಅಕ್ಕನ ಮನೆಯಲ್ಲಿ ನಾನು ಕಂಡ ಮೊದಲ ಗಿಡ ಅದು. ಇಷ್ಟು ವರ್ಷ ಅವಳು ಹಿತ್ತಲಲ್ಲಿ ಒಂದು ಕೊತ್ತಂಬರಿ ಕೂಡ ಹಾಕಿರಲಿಲ್ಲ, ಗಂಡನ ಹೊಲಕ್ಕೆ ಬುತ್ತಿ ಒಯ್ದರೂ ಬದುವಿನ ಮೇಲೇ ಇಟ್ಟು ಬರುತ್ತಿದ್ದಳು. ಅತ್ತೆ ಮನೆಯವರು ಅದನ್ನು ಸೋಮಾರಿತನ ಎಂದುಕೊಂಡಿದ್ದರು. ನಾನು ಹೋದಾಗ ಶಾಂತ ಹಿತ್ತಲಿನ ಮೂಲೆಯ ಸೊಪ್ಪಿನ ಗುಡಿಸಲಿನಲ್ಲಿ ಮಂಡಿಗೆ ಮುಖವಿಟ್ಟು ಕೂತಿದ್ದಳು. ಯಾಕೆ ಅಳುತ್ತಾಳೆ ಎಂದರೆ, ಇನ್ನು ಆ ಬಳ್ಳಿಯ ಕಡೆ ಹೋಗಬೇಡ ಎಂದಿದ್ದೀನಿ ಎಂದಳು ಅಕ್ಕ. ಗುಡಿಸಲಲ್ಲಿ ಕೂತಿರುವವರೆಗೆ ತಾನೇ ಎಂದೆ. ಇನ್ನು ಯಾವತ್ತೂ ಬೇಡ ಎಂದಳು. ತನ್ನ ಮಗಳಲ್ಲವೇ, ಕೈ ತನ್ನ ಹಾಗೇ ಇರುತ್ತದೆ, ಯಾರಾದರೂ ಅನ್ನುವ ಮೊದಲು ತಾನೇ ಅಂದುಬಿಡುವುದು ಮೇಲು ಎಂದಳು.

ಅವಳು ಈಳಿಗೆಮಣೆಯ ಮುಂದೆ ಕೂತು ನಾನು ತಂದ ಕರಬೂಜ ಹೆಚ್ಚುತ್ತಿದ್ದಳು. ನಾನು ಎದುರಿಗೆ ಕೂತು ಎಲ್ಲ ಹೇಳಿದೆ. ರೊಪ್ಪದ ಹಸಿ ಗೊಬ್ಬರ, ಮುಚ್ಚಿದ ಮರಳು, ಕಂದಾದ ಬೇರು, ಅಪ್ಪನ ಕೈಯಲ್ಲಿದ್ದ ಬಳ್ಳಿ. ಅವಳ ವಿಷಯವನ್ನು ಹೇಳಿದವಳೂ ನಾನೇ ಎಂದೆ.

“ಅದು ಗೊತ್ತಿತ್ತು,” ಎಂದಳು ಅಕ್ಕ. “ನಿನ್ನೊಬ್ಳಿಗೇ ಅಲ್ವಾ ನಾನು ಹೇಳಿದ್ದು.”

ಅವಳ ಕೈ ನಿಂತಿರಲಿಲ್ಲ. ಬೀಜವನ್ನು ಬೆರಳಿನಿಂದ ಒಂದು ಕಡೆ ಬಳಿಯುತ್ತಿದ್ದಳು.

“ಮತ್ತೆ ಗೊಬ್ಬರದ್ದು?” ಎಂದೆ.

“ಅದು ಸುಳ್ಳು.”

“ಅವ್ವನಾಣೆ ಅಕ್ಕ.”

“ಸತ್ತೋಳ್ನ ಯಾಕೆ ಎಳೀತೀಯ. ನಾನು ಕಣ್ಣಾರೆ ನೋಡೀನಿ ಗಿರಿಜಿ. ಮೇಲಿನ ಸಾಲಾಗೆ ಅಪ್ಪ ಓಡಾಡ್ತಿದ್ದ, ಅದು ಚೆನ್ನಾಗಿತ್ತು. ಕೆಳಗಿನ ಸಾಲಾಗೆ ನಾನು ಓಡಾಡ್ತಿದ್ದೆ. ಹುಡುಗಿ ಅಳೋದು ನೋಡಿ ನಿನ್ನ ಕರುಳು ಚುರುಕ್ ಅಂದೈತೆ, ಅದಕ್ಕೆ ಇಲ್ಲದ್ದೆಲ್ಲ ಕಟ್ಟಿ ಹೇಳ್ತೀಯ. ನೀನು ಸಣ್ಣೋಳಿದ್ದಾಗ್ಲೂ ಹಿಂಗೇ, ಯಾರಾರ ಅತ್ರೆ ಏನಾರ ಕಟ್ಟಿ ಹೇಳಿ ನಗಿಸ್ತಿದ್ದೆ.”

ನಾನು ಇನ್ನೂ ಏನೇನೋ ಹೇಳಿದೆ. ಹಸಿ ಗೊಬ್ಬರ ಹಾಕಿದರೆ ಬೇರು ಸುಡುತ್ತದೆಂದು ಅವಳ ಗಂಡನನ್ನೇ ಬೇಕಾದರೆ ಕೇಳು ಎಂದೆ. ಸುಡುವುದು ತನಗೂ ಗೊತ್ತು ಎಂದಳು. ಅಷ್ಟು ವರ್ಷ ಬಾಯಿ ಬಿಡದೆ ಇರಲು ನೀನೇನು ಅಂಥ ಕೆಟ್ಟವಳಲ್ಲ ಎಂದು ನನ್ನ ಕಡೆ ನೋಡಿ ನಕ್ಕಳು. ಅಂಥ ಕೆಟ್ಟವಳೇ ನಾನು ಎಂದು ಅವಳಿಗೆ ನಂಬಿಸುವುದು ಹೇಗೆ? ಅವಳು ಬೆಲ್ಲ ಹಾಕಿ ಹಣ್ಣು ಕಿವುಚಿ ಒಂದು ಬಟ್ಟಲನ್ನು ನನ್ನ ಮುಂದೆ ತಳ್ಳಿದಳು, ಇನ್ನೊಂದನ್ನು ಮಗಳಿಗೆಂದು ಗುಡಿಸಲಿನ ಬಾಗಿಲಲ್ಲಿ ಇಟ್ಟು ಬಂದಳು. ಶಾಂತ ಬಟ್ಟಲು ಎತ್ತಿಕೊಳ್ಳಲಿಲ್ಲ. ನಮ್ಮ ಮಾತು ಅವಳ ಕಿವಿಗೆ ಬಿದ್ದಿತ್ತೋ ಇಲ್ಲವೋ. ತೊಟ್ಟಿಯ ಕಡೆಗೇ ನೋಡುತ್ತಿದ್ದಳು. ಬಿಸಿಲಿಗೆ ಬಳ್ಳಿಯ ಎಲೆಗಳು ಜೋತುಬಿದ್ದಿದ್ದವು. ಅಕ್ಕನೂ ಅದನ್ನು ನೋಡಿದಳು. ನಾನು ಹೇಳಿದ್ದೆಲ್ಲ ಅಲ್ಲಿಗೇ ಮುಗಿದುಹೋದಂತೆ ಒಂದು ಚೊಂಬನ್ನು ತಂದು ನನ್ನ ಕೈಗೆ ಕೊಟ್ಟಳು.

“ಅದಕ್ಕೊಂದಿಷ್ಟು ನೀರು ಹಾಕಿ ಬಾ. ನಾವಿಬ್ರೂ ಹಾಕಂಗಿಲ್ಲ. ನಿನ್ನ ಕೈ ಒಳ್ಳೇದು.”

ನಾನು ಎದ್ದು ಹೋಗಿ ತೊಟ್ಟಿಯಿಂದ ನೀರು ಮೊಗೆದೆ. ತಾಯಿ ನಿಂತಲ್ಲಿಂದ, ಮಗಳು ಗುಡಿಸಲಿನಲ್ಲಿ ಕೂತಲ್ಲಿಂದ, ನಾನು ಹೊಯ್ಯುವುದನ್ನು ನೋಡುತ್ತಿದ್ದರು.